ಬಂಡೆಯ ಮೇಲೆ ಹರಡಿದ ಹೊದಿಕೆ

ನಮ್ಮ ದೊಡ್ಡಪ್ಪ ಜಿನ್‌ರೊಕುಗೆ ಓದು ಬರಹ ಬರುತ್ತಿರಲಿಲ್ಲ. ದೊಡ್ಡಮ್ಮ ಯೋನೆಗೂ ಬರುತ್ತಿರಲಿಲ್ಲ. ವರ್ಷದ ಮುಕ್ಕಾಲು ಪಾಲು ಅವರಿಬ್ಬರ ನಡುವೆ ಕಡಲಿರುತ್ತಿತ್ತು. ಅಷ್ಟು ಕಾಲದಲ್ಲಿ ಅವರು ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುತ್ತಿದ್ದದ್ದು ಎರಡೇ ಸಲ, ಹಡಗು ಬಡಗಣಕ್ಕೆ ಹೋಗುವಾಗ ಒಮ್ಮೆ, ತಿರುಗಿ ಬರುವಾಗ ಒಮ್ಮೆ. ನಾನು ಅವನ ತಮ್ಮನ ಮಗಳು. ನಾನು ಹುಟ್ಟುವ ಮೊದಲೇ ನಡೆದದ್ದನ್ನು ದೊಡ್ಡಪ್ಪನ ಮಗಳು ಮಿಯೊ ಅಕ್ಕ ಹೇಳಿದ್ದಾಳೆ. ಹಡಗಿನ ಮೇಲಿನ ಸಂಗತಿಗಳನ್ನು ಪಕ್ಕದ ಮನೆಯ ತೊರಾಕಿಚಿ ಮಾವ ಹೇಳಿದ್ದಾನೆ. ದೊಡ್ಡಪ್ಪ ತಾನಾಗಿ ಏನನ್ನೂ ಹೇಳಿದವನಲ್ಲ.

ನಮ್ಮ ಇಸೊಮಿ ಇರುವುದು ನೊತೊ ಸೀಮೆಯ ಪಡುವಣ ದಡದಲ್ಲಿ. ಬೆನ್ನಿಗೆ ಗುಡ್ಡ, ಎದುರಿಗೆ ಕಡಲು, ನಡುವೆ ಚಾಪೆ ಹಾಸುವಷ್ಟು ನೆಲ. ಗದ್ದೆ ಸಾಲದ ಊರಾದ್ದರಿಂದ ಗಂಡಸರು ಹಾಯಿಹಡಗು ಹತ್ತುತ್ತಿದ್ದರು. ಹೆಂಗಸರೂ ನಮ್ಮಪ್ಪನಂಥ ಕುಂಟುಗಾಲಿನವರೂ ಉಪ್ಪು ಮಾಡುತ್ತಿದ್ದರು. ಕಡಲ ನೀರನ್ನು ಹೆಗಲ ಮೇಲೆ ಹೊತ್ತು ತಂದು ಮರಳಿನ ಅಂಗಳಕ್ಕೆ ಚಿಮುಕಿಸಬೇಕು, ಬಿಸಿಲಿಗೆ ಒಣಗಿದ ಮರಳನ್ನು ತೊಳೆಯಬೇಕು, ತೊಳೆದ ನೀರನ್ನು ಗುಡಿಸಲೊಳಗಿನ ದೊಡ್ಡ ಬಾಣಲೆಗೆ ಸುರಿದು ಹಗಲೂ ಇರುಳೂ ಕುದಿಸಬೇಕು. ಬೇಸಿಗೆಯುದ್ದಕ್ಕೂ ಆ ಗುಡಿಸಲುಗಳ ಹೊಗೆ ಕಡಲಿನತ್ತ ವಾಲಿಕೊಂಡಿರುತ್ತಿತ್ತು.

ಆ ಬೇಸಿಗೆಯನ್ನು ದೊಡ್ಡಪ್ಪ ಕಾಣುತ್ತಿರಲಿಲ್ಲ. ಹಿಮ ಕರಗುವ ಮುಂಚೆಯೇ ಊರಿನ ನಾಲ್ಕಾರು ಗಂಡಸರ ಜೊತೆ ಒಸಾಕಾಗೆ ನಡೆದು ಹೊರಟುಬಿಡುತ್ತಿದ್ದ. ಚಳಿಗಾಲದಲ್ಲಿ ಹಡಗನ್ನು ಅಲ್ಲಿನ ಹೊಳೆಯಲ್ಲಿ ಕಟ್ಟಿರುತ್ತಿದ್ದರು. ಅಕ್ಕಿ, ಸಾಕೆ ಎಂಬ ಅಕ್ಕಿಮದ್ಯದ ಪೀಪಾಯಿ, ಹಳೆ ಬಟ್ಟೆ ತುಂಬಿಕೊಂಡು ಜಲಸಂಧಿ ದಾಟಿ, ನಮ್ಮ ದಡದ ಉದ್ದಕ್ಕೂ ಬಡಗಣಕ್ಕೆ ಏರಿ, ಎಜೊ ದ್ವೀಪ ಮುಟ್ಟುವಷ್ಟರಲ್ಲಿ ಅಲ್ಲಿ ನಿಶಿನ್ ಮೀನಿನ ಕಾಲ ಮುಗಿಯುತ್ತಿತ್ತು. ಅಲ್ಲಿಂದ ಗೊಬ್ಬರದ ಮೀನುಹಿಂಡಿಯನ್ನೂ ಒಣಗಿದ ಕಡಲಪಾಚಿಯನ್ನೂ ಹೇರಿಕೊಂಡು ಅದೇ ದಾರಿಯಲ್ಲಿ ಹಿಂದಕ್ಕೆ. ಎರಡು ಸಲವೂ ಹಡಗು ನಮ್ಮೂರಿನ ಎದುರಿಗೇ ಹಾದುಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಒಳ್ಳೆಯ ಗಾಳಿ ಇರುವಾಗ ಒಬ್ಬನ ಸಂಸಾರಕ್ಕಾಗಿ ಹಾಯಿ ಇಳಿಸುವ ತಾಂಡೇಲ ಈ ಕಡಲಿನಲ್ಲಿ ಹುಟ್ಟಿಲ್ಲ.

ದೊಡ್ಡಪ್ಪನ ಕೆಲಸ ಹಡಗಿನ ಮುಂದಲೆಯಲ್ಲಿ ನಿಲ್ಲುವುದು. ದಡದ ಗುಡ್ಡ, ಕೋಡುಗಲ್ಲು, ನೀರಿನ ಬಣ್ಣ, ಹಕ್ಕಿ ಇಳಿಯುವ ಜಾಗ ಇವನ್ನೆಲ್ಲ ನೋಡುತ್ತ ಎತ್ತ ತಿರುಗಬೇಕೆಂದು ಹಿಂದೆ ಚುಕ್ಕಾಣಿ ಹಿಡಿದವನಿಗೆ ಕೂಗಿ ಹೇಳುವುದು. ಹಡಗಿನಲ್ಲಿದ್ದವರೆಲ್ಲರ ಜೀವ ಅವನ ಕಣ್ಣಿನಲ್ಲಿತ್ತು. ಹರೆಯದಲ್ಲಿ ಒಮ್ಮೆ ಹಾಯಿಯ ಹಗ್ಗ ಹರಿದು ಬಡಿದು ಅವನ ಎಡ ಹೆಗಲು ಮುರಿದಿತ್ತು. ಕೂಡಿಕೊಂಡರೂ ಆ ತೋಳು ಪೂರ್ತಿ ಮೇಲೇಳುತ್ತಿರಲಿಲ್ಲ.

ಹೊದಿಕೆಯ ವಾಡಿಕೆ ಶುರುವಾದದ್ದು ಮಿಯೊ ಅಕ್ಕ ಹುಟ್ಟಿದ ವರ್ಷ. ದೊಡ್ಡಪ್ಪ ಹೊರಡುವಾಗ ದೊಡ್ಡಮ್ಮನಿಗೆ ದಿನ ತುಂಬುತ್ತ ಬಂದಿತ್ತು. ಹೆರಿಗೆ ಏನಾಯಿತೆಂದು ತಿಳಿಯಲು ಅವನು ಮುಂದಿನ ಚಳಿಗಾಲದವರೆಗೆ ಕಾಯಬೇಕಿತ್ತು. ಆಗ ದೊಡ್ಡಮ್ಮ ಒಂದು ಉಪಾಯ ಹೇಳಿದಳು. ತವರಿನಿಂದ ತಂದ ಮದುವೆಯ ಹಾಸಿಗೆಯ ಮೇಲುಹೊದಿಕೆ ಅವಳ ಪೆಟ್ಟಿಗೆಯಲ್ಲಿತ್ತು. ಮೇಲ್ಮೈ ಕಡುನೀಲಿ, ಒಳಮೈ ಅಚ್ಚ ಬಿಳಿ.

“ಎಲ್ಲ ಸರಿಹೋದ್ರೆ ದಡದ ಕೊನೇ ಬಂಡೆ ಮೇಲೆ ಹೊದಿಕೆ ಹರಡ್ತೀನಿ, ಬಿಳೀದು ಮೇಲೆ ಮಾಡಿ,” ಎಂದಳು.

“ಹರಡದಿದ್ರೆ?” ಎಂದು ದೊಡ್ಡಪ್ಪ ಕೇಳಿದ.

“ಹರಡದಿದ್ರೆ ಮುಂದೆ ನೋಡ್ಕೊಂಡು ಹೋಗಿ.”

ಆ ವಸಂತದಲ್ಲಿ ಅವನ ಹಡಗು ಹಾದುಹೋಗುವಾಗ ಕಪ್ಪು ಬಂಡೆಯ ಮೇಲೆ ಬಿಳಿ ಚೌಕ ಕಾಣಿಸಿತು. ದೊಡ್ಡಪ್ಪ ಕಾಲ ಬಳಿ ಇದ್ದ ಹುಲ್ಲುಚಾಪೆಯನ್ನು ಬಿದಿರಿನ ಗಳುವಿಗೆ ಸಿಕ್ಕಿಸಿ ಮೇಲೆತ್ತಿದ. ಮೊದಲ ಮಗು ಹುಟ್ಟಿದ್ದಕ್ಕೆ ಅವನು ಹೇಳಿದ ಮಾತು ಅದು. ಅಲ್ಲಿಂದ ಮುಂದೆ ಪ್ರತಿ ವರ್ಷವೂ ಹೋಗುವಾಗ ಬರುವಾಗ ಹೀಗೇ ನಡೆಯಿತು. ದಡದಲ್ಲಿ ಹೊದಿಕೆ ಹರಡಿದರೆ ಮನೆಯವರೆಲ್ಲ ಕ್ಷೇಮ, ಹಡಗಿನಲ್ಲಿ ಚಾಪೆ ಎದ್ದರೆ ಅವನು ಕ್ಷೇಮ. ಹಾಯಿಯ ಮೇಲಿನ ಎರಡು ಕರಿ ಪಟ್ಟೆಯನ್ನು ದೂರದಲ್ಲೇ ಗುರುತು ಹಿಡಿದು ಉಪ್ಪಿನಂಗಳದ ಹೆಂಗಸರೆಲ್ಲ “ಯೋನೆ, ನಿನ್ನ ಗಂಡ” ಎಂದು ಕೂಗುತ್ತಿದ್ದರಂತೆ.

ಹಡಗಿನವರ ಬಾಯಿಗೆ ಇದೊಂದು ಎಲೆಅಡಿಕೆಯಾಗಿತ್ತು. ತಾಂಡೇಲ ಕಾಕುಬೇ ಪ್ರತಿ ಸಲವೂ ಮುಖ ಗಂಟಿಕ್ಕಿಕೊಂಡೇ ಹೇಳುತ್ತಿದ್ದ, “ನೋಡ್ರೋ, ಜಿನ್‌ರೊಕು ಹೆಂಡ್ತಿ ಇವತ್ತೂ ಹಾಸಿಗೆ ಬಿಸಿಲಿಗೆ ಹಾಕಿದಾಳೆ. ಇವನಿಲ್ದೆ ಮುಗ್ಗಲು ಹಿಡಿದಿರ್ಬೇಕು ಪಾಪ.” ದೊಡ್ಡಪ್ಪ ತಿರುಗಿ ನೋಡದೆ ಚಾಪೆ ಎತ್ತಿ ಹಿಡಿದೇ ಇರುತ್ತಿದ್ದ. ಅದೇ ಹಡಗಿನಲ್ಲಿದ್ದ ತೊರಾಕಿಚಿ ಮಾವನಿಗೂ ಆ ಬಿಳಿ ಚೌಕ ಬೇಕಿತ್ತು. ಅವನ ಹೆಂಡತಿ ಬಂಡೆ ಹತ್ತುವವಳಲ್ಲ. ಆದರೂ ಆ ಹೊದಿಕೆ ಕಂಡರೆ ಊರಿಗೆ ಊರೇ ಚೆನ್ನಾಗಿದೆ ಎಂದು ಅವನೂ ಉಸಿರು ಬಿಡುತ್ತಿದ್ದ.

ಮನೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ದಿನವೂ ಊಟದ ಹೊತ್ತಿಗೆ ದೊಡ್ಡಪ್ಪನ ಹೆಸರಿನಲ್ಲಿ ಒಂದು ಊಟದ ಮಣೆ ಇಡುತ್ತಿದ್ದರು. ಅದರ ಮೇಲೆ ಅನ್ನದ ಬಟ್ಟಲು, ಸಾರು, ಉಪ್ಪಿನಲ್ಲಿಟ್ಟ ಮೂಲಂಗಿ. ಬಟ್ಟಲಿನ ಮುಚ್ಚಳದ ಒಳಗೆ ಹನಿ ಕಟ್ಟಿದ್ದರೆ ದೂರದಲ್ಲಿರುವವನ ಹೊಟ್ಟೆ ತುಂಬಿದೆ ಎಂದು ಅರ್ಥ. ದೊಡ್ಡಪ್ಪನ ತಾಯಿ, ನಮ್ಮಜ್ಜಿ, ದಿನವೂ ಮುಚ್ಚಳ ತೆಗೆದು ನೋಡುತ್ತಿದ್ದಳು. ಆಮೇಲೆ ಆ ಅನ್ನಕ್ಕೆ ಮಕ್ಕಳಿಬ್ಬರ ಜಗಳ. ಮಿಯೊ ಅಕ್ಕನಿಗಿಂತ ಆರು ವರ್ಷ ಕಿರಿಯನಾದ ಇಕುಜೊ ಗಟ್ಟಿ ಗಂಟಲಿನ ಹುಡುಗ. ಅಪ್ಪನ ಪಾಲನ್ನು ಗಂಡುಮಗ ತಿನ್ನಬೇಕು ಎಂದು ಅಜ್ಜಿ ಅವನಿಗೇ ಕೊಡುತ್ತಿದ್ದಳು. ಮಿಯೊ ಅಕ್ಕ ಅದನ್ನು ಇವತ್ತಿಗೂ ಮರೆತಿಲ್ಲ.

ಮೇಜಿ ದೊರೆಯ ಆಳ್ವಿಕೆಯ ಹನ್ನೆರಡನೆಯ ವರ್ಷ ದೇಶಕ್ಕೆಲ್ಲ ವಾಂತಿಭೇದಿ ಬಂತು. ನಮ್ಮ ದಡಕ್ಕೆ ಅದು ಬೇಸಿಗೆಯ ಕೊನೆಯಲ್ಲಿ ಬಂತು. ಊರಿನ ಎರಡೂ ದಿಕ್ಕಿನ ದಾರಿಗೆ ಹಗ್ಗ ಕಟ್ಟಿ, ಹೋಗುವವರನ್ನೂ ಬರುವವರನ್ನೂ ತಡೆದರು. ಬಾವಿಗೆ ಸುಣ್ಣ ಸುರಿದರು. ಒಟ್ಟಿಗೆ ನಿಂತು ಬಾಣಲೆ ಕುದಿಸಲು ಯಾರೂ ಒಪ್ಪಲಿಲ್ಲ. ಉಪ್ಪಿಗೆಂದು ಒಟ್ಟಿದ್ದ ಸೌದೆಯೆಲ್ಲ ಗುಡ್ಡದ ಹಿಂದೆ ಹೆಣ ಸುಡಲು ಹೋಯಿತು. ಅಜ್ಜಿ ಮೊದಲು ಹೋದಳು. ಅಜ್ಜಿಯ ಬೂದಿ ಆರುವ ಮುಂಚೆ ಇಕುಜೊ ಮಲಗಿದ. ಅವನೂ ಉಳಿಯಲಿಲ್ಲ. ಅವರಿಬ್ಬರ ಹಾಸಿಗೆ, ಬಟ್ಟೆ, ಊಟದ ಮಣೆ ಎಲ್ಲವನ್ನೂ ಸರ್ಕಾರದ ಆಳುಗಳು ಬಂದು ಸುಟ್ಟರು. ಪೆಟ್ಟಿಗೆಯೊಳಗೆ ಮಡಿಚಿಟ್ಟಿದ್ದ ಹೊದಿಕೆ ಮಾತ್ರ ಉಳಿಯಿತು.

ಆಮೇಲೆ ದೊಡ್ಡಮ್ಮ ಒಲೆಯ ಮುಂದೆ ಕೂತಳು. ಅತ್ತಳೋ ಎಂದರೆ ಇಲ್ಲ. ಮಿಯೊ ಅಕ್ಕ ಕರೆದರೆ ಹ್ಞೂಂ ಎನ್ನುತ್ತಿದ್ದಳು, ಅಕ್ಕಿ ತೊಳೆಯುತ್ತಿದ್ದಳು, ಗಂಡನ ಮಣೆ ಇಡುತ್ತಿದ್ದಳು. ಮುಚ್ಚಳ ಮಾತ್ರ ತೆಗೆದು ನೋಡುತ್ತಿರಲಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ಮಿಯೊ ಅಕ್ಕನಿಗೆ ಬಡಗಣ ಕಡೆಯಿಂದ ಬರುವ ಎರಡು ಪಟ್ಟೆಯ ಹಾಯಿ ಕಾಣಿಸಿತು. ಓಡಿ ಬಂದು ಹೇಳಿದಳು. ದೊಡ್ಡಮ್ಮ ಸ್ವಲ್ಪ ಹೊತ್ತು ಕೂತೇ ಇದ್ದಳಂತೆ. ಆಮೇಲೆ ಎದ್ದು ಪೆಟ್ಟಿಗೆ ತೆರೆದು ಹೊದಿಕೆ ಹೆಗಲಿಗೆ ಹಾಕಿಕೊಂಡು ಬಂಡೆಯತ್ತ ನಡೆದಳು.

ಬಂಡೆಯ ಮೇಲೆ ಅವಳು ಬಟ್ಟೆ ಬಿಡಿಸುವಾಗ ಮಿಯೊ ಅಕ್ಕ ಅವಳ ಕೈ ಹಿಡಿದಳು. “ಅಮ್ಮಾ, ಇದು ಸುಳ್ಳಲ್ವಾ?”

“ಒಂದು ಕಲ್ಲು ತಂದಿಡು,” ಎಂದಳು ದೊಡ್ಡಮ್ಮ. “ಗಾಳಿಗೆ ಹಾರುತ್ತೆ.”

ಮಿಯೊ ಅಕ್ಕ ಕಲ್ಲು ತಂದಿಟ್ಟಳು. ಹಡಗಿನ ಮುಂದಲೆಯಲ್ಲಿ ಚಾಪೆ ಎದ್ದಿತು, ಯಾವಾಗಿನಂತೆ ಒಂದು ಕಡೆಗೆ ವಾಲಿಕೊಂಡು. ಅದು ಕೋಡುಗಲ್ಲಿನ ಹಿಂದೆ ಮರೆಯಾಗುವವರೆಗೆ ಇಬ್ಬರೂ ನಿಂತಿದ್ದರು. ಆಮೇಲೆ ದೊಡ್ಡಮ್ಮ ಹೊದಿಕೆಯನ್ನು ಅಂಚಿಗೆ ಅಂಚು ಸೇರಿಸಿ ಮಡಿಚಿದಳು.

ಹಡಗು ಒಸಾಕಾ ಸೇರಿ ಸರಕು ಇಳಿಸಿ, ಊರಿನವರು ನಡೆದು ಹೊರಟಾಗ ಚಳಿಗಾಲ ಬಂದಿತ್ತು. ದಾರಿಯ ಊರೂರಲ್ಲೂ ವಾಂತಿಭೇದಿಯ ಮಾತು. ಒಂದು ಧರ್ಮಶಾಲೆಯಲ್ಲಿ ನೊತೊ ಕಡೆಯವನೊಬ್ಬ ಸಿಕ್ಕಿ, ಅಲ್ಲೂ ತುಂಬ ಜನ ಹೋದರು ಎಂದ. ಅಂದಿನಿಂದ ತೊರಾಕಿಚಿ ಮಾವನಿಗೆ ಅನ್ನ ಇಳಿಯಲಿಲ್ಲ. ದೊಡ್ಡಪ್ಪನೇ ಅವನಿಗೆ ಸಮಾಧಾನ ಹೇಳಿದ. ಹೊದಿಕೆ ಇತ್ತಲ್ಲ, ನೀನೂ ಕಂಡೆಯಲ್ಲ, ಇಸೊಮಿಗೆ ಏನೂ ಆಗಿಲ್ಲ, ಸುಮ್ಮನೆ ನಡಿ ಎಂದ. ಎಚಿಜೆನ್ ಸೀಮೆಯ ಹಿಮದಲ್ಲಿ ಹೂತುಹೋಗುತ್ತ ನಡೆಯುವಾಗಲೂ ಅದನ್ನೇ ಹೇಳಿದ. ಅವನ ಗಂಟಿನಲ್ಲಿ ಇಕುಜೊಗೆಂದು ಎಜೊ ದ್ವೀಪದಲ್ಲಿ ಕೊಂಡ ಒಂದು ಜೊತೆ ಪುಟ್ಟ ಮೆಟ್ಟು ಇತ್ತು. ಅಲ್ಲಿನ ಜನ ಸಾಲ್ಮನ್ ಮೀನಿನ ಚರ್ಮದಿಂದ ಹೊಲಿಯುವಂಥದ್ದು. ಹಿಮದಲ್ಲಿ ಕಾಲು ತಣ್ಣಗಾಗುವುದಿಲ್ಲ, ವಾಸನೆ ಮಾತ್ರ ತಡೆಯುವ ಹಾಗಿರಲಿಲ್ಲ. ರಾತ್ರಿ ತಂಗಿದಲ್ಲೆಲ್ಲ ಜೊತೆಗಾರರು ಆ ಗಂಟನ್ನು ಹೊರಗಿಡಿಸುತ್ತಿದ್ದರು.

ಊರು ಮುಟ್ಟಿದ್ದು ಊಟದ ಹೊತ್ತಿನಲ್ಲಿ. ದೊಡ್ಡಪ್ಪ ಹುಲ್ಲಂಗಿಯ ಹಿಮ ಕೊಡವಿ ಒಳಗೆ ಬಂದ. ಒಲೆಯ ಸುತ್ತ ಊಟದ ಮಣೆಗಳಿದ್ದವು. ಒಂದು ದೊಡ್ಡಮ್ಮನದು, ಒಂದು ಮಿಯೊ ಅಕ್ಕನದು, ಒಂದು ಅವನದು. ಅವನು ಗೋಡೆಯ ಕಡೆ ನೋಡಿದ. ಮಿಕ್ಕ ಮಣೆಗಳನ್ನು ಪೇರಿಸಿಡುತ್ತಿದ್ದ ಹಲಗೆ ಖಾಲಿಯಿತ್ತು. ಅಲ್ಲಿಂದ ಕಣ್ಣು ತೆಗೆದು ಕಾಲು ತೊಳೆದುಕೊಂಡು ಬಂದು ತನ್ನ ಮಣೆಯ ಮುಂದೆ ಕೂತ. ತಾನಿಲ್ಲದಾಗ ತನಗೆಂದು ಬಡಿಸಿಟ್ಟಿದ್ದ ಅನ್ನ ಅದು, ಆರಿತ್ತು. ಅದನ್ನೇ ತಿಂದ. ದೊಡ್ಡಮ್ಮ ಬಿಸಿ ಸಾರು ಹಾಕಿದಳು. ಅದನ್ನೂ ಕುಡಿದ.

ಬಟ್ಟಲು ಕೆಳಗಿಟ್ಟ ಮೇಲೆ ಕೇಳಿದ, “ಯಾವಾಗ?”

“ಬೇಸಿಗೆ ಕೊನೇಲಿ. ಅತ್ತೆ ಮೊದಲು.”

“ವಾಂತಿಭೇದೀನಾ?”

“ಹೂಂ.”

ಅಷ್ಟೇ. ಅಂದು ರಾತ್ರಿ ಅವನು ಚೆನ್ನಾಗಿಯೇ ನಿದ್ದೆ ಮಾಡಿದ ಎಂದು ಮಿಯೊ ಅಕ್ಕ ಹೇಳುತ್ತಾಳೆ. ಅವಳಿಗೆ ಅದೇ ಭಯವಾಗಿತ್ತು. ಮರುದಿನ ಎದ್ದು ಮಾಡಿನ ಹಿಮ ಎಳೆದ. ಅದರ ಮರುದಿನ ನೆರೆಮನೆಯ ಮಾಡಿನದನ್ನೂ ಎಳೆದ. ನಮ್ಮಪ್ಪ ಅವನನ್ನು ತಬ್ಬಿಕೊಂಡು ಅತ್ತಾಗ, ಅಳುವವನ ಬೆನ್ನು ತಟ್ಟುತ್ತ ನಿಂತಿದ್ದ, ಯಾರೋ ದೂರದ ನೆಂಟನ ಸಾವಿಗೆ ಬಂದವನ ಹಾಗೆ. ದೇವಸ್ಥಾನದ ಗುರುಗಳು ಬಂದು ಬುದ್ಧನಾಮ ಹೇಳಿ ಹೋದರು. ಮೆಟ್ಟಿನ ಜೊತೆಯನ್ನು ದೊಡ್ಡಮ್ಮ ದೇವರ ಗೂಡಿನ ಪಕ್ಕ ಇಟ್ಟಿದ್ದಳು. ಅದರ ಮೀನುವಾಸನೆಗೆ ಬೆಕ್ಕು ಒಂದನ್ನು ಕಚ್ಚಿಕೊಂಡು ಹೋಯಿತು. ಮಿಯೊ ಅಕ್ಕ ಅಳುತ್ತ ಇಡೀ ಕೇರಿ ಹುಡುಕಿದಳು. ದೊಡ್ಡಪ್ಪ ಹುಲ್ಲಿನ ಹಗ್ಗ ಹೊಸೆಯುತ್ತ ಕೂತಿದ್ದವನು ಏಳಲಿಲ್ಲ. ಬಿಡು ಮಗಾ, ಬೆಕ್ಕಿಗೇನು ಗೊತ್ತು ಎಂದನಂತೆ.

ತೊರಾಕಿಚಿ ಮಾವನ ಮನೆಯಲ್ಲಿ ಎಲ್ಲರೂ ಉಳಿದಿದ್ದರು. ದಾರಿಯುದ್ದಕ್ಕೂ ತನ್ನನ್ನು ಸಮಾಧಾನ ಮಾಡಿದವನ ಮುಖ ನೋಡಲಾರದೆ ಅವನು ಆ ಚಳಿಗಾಲ ದೊಡ್ಡಪ್ಪನ ಬಾಗಿಲ ಮುಂದೆ ಹಾಯುವುದನ್ನೇ ಬಿಟ್ಟ.

ಹಡಗಿಗೆ ಹೊರಡುವ ದಿನ ಹತ್ತಿರ ಬಂದಾಗ ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ. ಅವಳು ಅಷ್ಟು ದಿನ ಅವನು ಬಯ್ಯಲಿ ಎಂದು ಕಾದಿದ್ದಳು. ದೊಡ್ಡಪ್ಪ ಪ್ರಯಾಣದ ಹುಲ್ಲುಮೆಟ್ಟು ಹೆಣೆಯುತ್ತಿದ್ದ. ಅವಳು ಎದುರಿಗೆ ಬಂದು ಕೂತಳು.

“ಒಂದು ಮಾತು ಬಯ್ದುಬಿಡಿ.”

“ಯಾಕೆ?”

“ಹೊದಿಕೆ ಹರಡಿದ್ದಕ್ಕೆ. ಮನೇಲಿ ಇಬ್ಬರು ಹೋಗಿದ್ರು. ಆದ್ರೂ ಹರಡ್ದೆ.” ಅವಳು ನಿಲ್ಲಿಸಿ ನಿಲ್ಲಿಸಿ ಹೇಳಿದಳು. “ನೀವು ಮುಂದಲೇಲಿ ನಿಂತಿರ್ತೀರಿ. ನಿಮ್ಮ ಕಣ್ಣು ಮಂಜಾದ್ರೆ ಹಡಗು ಬಂಡೆಗೆ ಹೊಡೆಯುತ್ತೆ. ತೊರಾಕಿಚಿ ಇದಾನೆ, ಉಳಿದೋರಿದಾರೆ, ಅವರಿಗೂ ಮನೆಗಳಿವೆ. ನೀವು ಬಂದು ಮಾಡೋಕೂ ಏನಿರ್ಲಿಲ್ಲ. ಸುಟ್ಟಾಗಿತ್ತು.”

ದೊಡ್ಡಪ್ಪ ಹೆಣೆಯುವುದನ್ನು ನಿಲ್ಲಿಸಿದ.

“ಹೊಗೆ ಇರ್ಲಿಲ್ಲ,” ಎಂದ.

“ಏನು?”

“ಉಪ್ಪಿನ ಗುಡಿಸಲುಗಳಲ್ಲಿ. ಒಂದರಲ್ಲೂ ಹೊಗೆ ಇರ್ಲಿಲ್ಲ. ಅಂಥ ಬಿಸಿಲಿತ್ತು, ಮರಳಿನ ಮೇಲೆ ಒಬ್ಬ ಮನುಷ್ಯ ಇರ್ಲಿಲ್ಲ. ದಡ ನೋಡೋದೇ ನನ್ನ ಕೆಲ್ಸ, ಯೋನೆ. ನೋಡ್ದೆ. ಆಮೇಲೆ ಹೊದಿಕೆ ಕಾಣಿಸ್ತು. ಸದ್ಯ, ಅಂದ್ಕೊಂಡು ಕಣ್ಣು ಅಲ್ಲೇ ಇಟ್ಕೊಂಡೆ.”

ಅವನು ಮತ್ತೆ ಹೆಣೆಯತೊಡಗಿದ. ದೊಡ್ಡಮ್ಮ ಎದ್ದು ಹೋಗಿ ಒಲೆಗೆ ಸೌದೆ ಹಾಕಿದಳು. ಮೂಲೆಯಲ್ಲಿ ಕೂತಿದ್ದ ಮಿಯೊ ಅಕ್ಕನಿಗೆ, ಇವರಿಬ್ಬರಲ್ಲಿ ಒಬ್ಬರಾದರೂ ಕಿರುಚಬಾರದೇ ಅನ್ನಿಸಿತ್ತಂತೆ.

ವಸಂತದಲ್ಲಿ ಹಡಗು ಬಡಗಣಕ್ಕೆ ಹೋಗುವಾಗ ಬಂಡೆಯ ಮೇಲೆ ಹೊದಿಕೆ ಇತ್ತು. ತೊರಾಕಿಚಿ ಮಾವ ಆ ಹೊತ್ತಿಗೆ ಮುಂದಲೆಯ ಹತ್ತಿರವೇ ಹಗ್ಗ ಸುತ್ತುತ್ತಿದ್ದ. ದೊಡ್ಡಪ್ಪ ಹೊದಿಕೆಯನ್ನು ನೋಡಿದ, ಗುಡಿಸಲುಗಳ ಮಾಡು ನೋಡಿದ, ಮರಳಿನ ಮೇಲೆ ಓಡಾಡುವವರನ್ನು ನೋಡಿದ. ಚಾಪೆ ಅವನ ಕಾಲ ಬಳಿಯೇ ಬಿದ್ದಿತ್ತು. ಅವನು ಅದನ್ನು ಎತ್ತಲಿಲ್ಲ. ಮುನಿಸಿನಿಂದಲ್ಲ, ತೊರಾಕಿಚಿ ಮಾವ ಆಣೆ ಮಾಡಿ ಹೇಳುತ್ತಾನೆ, ಮುಖದಲ್ಲಿ ಮುನಿಸು ಇರಲಿಲ್ಲ. ಕೈ ಇದೆ ಎಂಬುದೇ ಮರೆತವನ ಹಾಗಿದ್ದ. ತಾಂಡೇಲ ಕಾಕುಬೇಯೂ ಆ ದಿನ ಹಾಸಿಗೆಯ ಮಾತು ಆಡಲಿಲ್ಲ. ಹಡಗು ಹಾದುಹೋಗುತ್ತಿತ್ತು. ತೊರಾಕಿಚಿ ಮಾವ ಹಗ್ಗ ಬಿಟ್ಟು ಬಂದು, ದೊಡ್ಡಪ್ಪನ ಹಿಂದೆ ನಿಂತು, ಚಾಪೆಯನ್ನು ಗಳುವಿಗೆ ಸಿಕ್ಕಿಸಿ ತಾನೇ ಎತ್ತಿದ. ದೊಡ್ಡಪ್ಪ ತಿರುಗಿ ನೋಡಿ, ಎಡಕ್ಕೆ ಆಳ ಕಡಿಮೆ ಎಂದು ಚುಕ್ಕಾಣಿಯವನಿಗೆ ಕೂಗಿದ. ಹಿಂದಿರುಗುವಾಗಲೂ ಹಾಗೇ ಆಯಿತು.

ಆ ಚಳಿಗಾಲ ಮನೆಗೆ ಬಂದ ಮೇಲೆ ಅವನಾಗಿಯೇ ಹೇಳಿದ, “ಈ ವರ್ಷ ಚಾಪೆ ಎತ್ತಿದ್ದು ನಾನಲ್ಲ.”

“ಗೊತ್ತು,” ಎಂದಳು ದೊಡ್ಡಮ್ಮ. “ನೀವು ಎತ್ತಿದ್ರೆ ಒಂದು ಕಡೆಗೆ ವಾಲಿರುತ್ತೆ. ಇದು ನೆಟ್ಟಗಿತ್ತು.”

“ಮತ್ತೆ? ನಾನು ಸತ್ತೆ ಅಂದ್ಕೊಂಡ್ಯಾ?”

“ಅಂದ್ಕೊಂಡೆ.”

“ಎರಡು ಸಲವೂ?”

“ಮೊದಲ ಸಲ ಅಂದ್ಕೊಂಡೆ. ಎರಡನೇ ಸಲ ಏನೂ ಅಂದ್ಕೊಳ್ಳಲಿಲ್ಲ. ಯಾರೋ ಎತ್ತಿದ್ರಲ್ಲ.” ಅವಳು ಅವನ ಬಟ್ಟಲಿಗೆ ಗಂಜಿ ಹಾಕುತ್ತ ಹೇಳಿದಳು, “ಇನ್ಮೇಲೆ ನಿಜ ಹೇಳ್ತೀನಿ. ಏನಾದ್ರೂ ಆದ್ರೆ ಹೊದಿಕೆ ಹರಡಲ್ಲ.”

“ಹರಡು.”

“ಸುಳ್ಳಾದ್ರೂ?”

“ಹರಡದಿದ್ರೆ ನಾನೇನ್ಮಾಡ್ಲಿ? ಈಜ್ಕೊಂಡು ಬರ್ಲಾ?” ದೊಡ್ಡಪ್ಪ ಗಂಜಿ ಊದಿದ. “ಯಾರಿದ್ರೂ ಹರಡು, ಯಾರಿಲ್ದಿದ್ರೂ ಹರಡು. ನೀನು ಬಂಡೆ ಮೇಲೆ ಬಂದಿದ್ದೆ ಅಂತ ಗೊತ್ತಾದ್ರೆ ಸಾಕು. ನಾನೂ ಚಾಪೆ ಎತ್ತೋಕೆ ನೋಡ್ತೀನಿ.”

ಮುಂದಿನ ವರ್ಷ ಎತ್ತಿದ. ಅಲ್ಲಿಂದ ಮುಂದೆ ಎಲ್ಲ ವರ್ಷವೂ ಎತ್ತಿದ. ಹಡಗಿನವರೂ ಮೆಲ್ಲಮೆಲ್ಲಗೆ ಮತ್ತೆ ತಮಾಷೆ ಶುರುಮಾಡಿದರು. ಆದರೆ ಊರು ಹೇಗಿದೆ ಎಂದು ಯಾರಾದರೂ ಕೇಳಿದರೆ ದೊಡ್ಡಪ್ಪ, ಇದೆ, ಎನ್ನುತ್ತಿದ್ದ. ಚೆನ್ನಾಗಿದೆ ಎಂಬ ಮಾತನ್ನು ಅವನ ಬಾಯಲ್ಲಿ ಮತ್ತೆ ಕೇಳಲಿಲ್ಲ ಎಂದು ತೊರಾಕಿಚಿ ಮಾವ ಹೇಳುತ್ತಾನೆ.

ನಾನು ಹುಟ್ಟಿ ಬುದ್ಧಿ ಬರುವ ಹೊತ್ತಿಗೆ ದೊಡ್ಡಪ್ಪ ನನ್ನ ಪಾಲಿಗೆ ಚಳಿಗಾಲದಲ್ಲಿ ಬರುವ ನೆಂಟ. ಕಡಲಪಾಚಿಯ ಕಟ್ಟು ತರುತ್ತಿದ್ದ, ಮಾತಿಗೆ ಮೊದಲು ತಲೆ ಸವರುತ್ತಿದ್ದ. ಮಿಯೊ ಅಕ್ಕನಿಗೆ ಮದುವೆಯಾಯಿತು, ಅದೇ ಕೇರಿಯ ಉಪ್ಪಿನವರ ಮನೆಗೆ. ಮದುವೆ ಚಳಿಗಾಲದಲ್ಲೇ ಇಟ್ಟರು, ಅಪ್ಪ ಇರಲಿ ಎಂದು. ಅವಳ ಎರಡು ಹೆರಿಗೆಯ ಹೊತ್ತಿನಲ್ಲೂ ಅವನಿರಲಿಲ್ಲ.

ಆ ವರ್ಷಗಳಲ್ಲಿ ನಮ್ಮ ಕಡೆಗೂ ಅಂಚೆ ಬಂತು. ದೇವಸ್ಥಾನದ ಗುರುಗಳ ಹತ್ತಿರ ಮಿಯೊ ಅಕ್ಕ ಅಕ್ಷರ ಕಲಿತಿದ್ದಳು. ಅದನ್ನು ಕೇಳಿದ ತಾಂಡೇಲ ಕಾಕುಬೇ ಎಜೊದ ಒತಾರು ಬಂದರಿನಲ್ಲಿ ದೊಡ್ಡಪ್ಪನನ್ನು ಬಿಡದೆ ಅಂಚೆಮನೆಗೆ ಎಳೆದುಕೊಂಡು ಹೋದ. ಇನ್ನೆಷ್ಟು ವರ್ಷ ಚಾಪೆ ಎತ್ತುತ್ತೀಯ, ಕಾಲ ಬದಲಾಯಿತು, ನಾನೇ ಬರೆಯುತ್ತೇನೆ ಹೇಳು ಎಂದ. ದೊಡ್ಡಪ್ಪ ಬಹಳ ಯೋಚಿಸಿ, ಇದ್ದೇನೆ ಎಂದು ಬರೆಯಿರಿ, ಎಂದ. ಇನ್ನೇನು ಎಂದರೆ, ಅಷ್ಟೇ ಸಾಕು ಎಂದ. ತಾಂಡೇಲನಿಗೆ ಅಂಚೆಕಾರ್ಡಿನಲ್ಲಿ ಅಷ್ಟು ಖಾಲಿ ಜಾಗ ಬಿಡಲು ಮನಸ್ಸಾಗದೆ ಹವೆಯ ವಿಷಯ, ಮೀನಿನ ವಿಷಯ ತಾನೇ ಸೇರಿಸಿದ. ಆ ಕಾರ್ಡು ಎಲ್ಲೆಲ್ಲೋ ಸುತ್ತಿ ಬರುವಷ್ಟರಲ್ಲಿ ದೊಡ್ಡಪ್ಪನ ಹಡಗೇ ನಮ್ಮೂರ ಮುಂದೆ ಹಾದುಹೋಗಿ ಆಗಿತ್ತು. ಮಿಯೊ ಅಕ್ಕ ಓದಿ ಹೇಳಿದಳು. ಮೀನಿನ ಮಾತು ಬಂದ ಕೂಡಲೆ ದೊಡ್ಡಮ್ಮ, ಇದು ಅವರದ್ದಲ್ಲ, ಮೊದಲಿಂದು ಮಾತ್ರ ಇನ್ನೊಮ್ಮೆ ಓದು, ಎಂದಳು. ಮಿಯೊ ಅಕ್ಕ ಓದಿದಳು.

ಹೊಗೆಹಡಗುಗಳು ಬಂದ ಮೇಲೆ ಹಾಯಿಹಡಗಿನವರಿಗೆ ಸರಕು ಕಡಿಮೆಯಾಯಿತು. ತಾಂಡೇಲ ಕಾಕುಬೇ ತೀರಿಕೊಂಡ. ಹಡಗಿನ ಯಜಮಾನರು ಹಡಗು ಮಾರಿದರು. ದೊಡ್ಡಪ್ಪನ ಕಣ್ಣೂ ಮೊದಲಿನ ಹಾಗಿರಲಿಲ್ಲ. ಒಂದು ಚಳಿಗಾಲ ಬಂದವನು ಹಿಮ ಕರಗಿದ ಮೇಲೂ ಮನೆಯಲ್ಲೇ ಉಳಿದ. ಅದು ಇಬ್ಬರಿಗೂ ಹೊಸದು. ಚಳಿಗಾಲದ ಗಂಡನನ್ನು ಬೇಸಿಗೆಯಲ್ಲಿ ಎಲ್ಲಿ ಕೂರಿಸಬೇಕೆಂದು ದೊಡ್ಡಮ್ಮನಿಗೆ ತಿಳಿಯದು. ಅವನು ಹೋದಲ್ಲೆಲ್ಲ ಯಾರದ್ದೋ ಕೆಲಸಕ್ಕೆ ಅಡ್ಡ ನಿಲ್ಲುತ್ತಿದ್ದ. ಹಿತ್ತಲಲ್ಲಿ ಬದನೆಯ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ಹೂವನ್ನು ಮುಟ್ಟಿ ನೋಡುತ್ತಿದ್ದ. ಮದುವೆಯಾದ ಮೇಲೆ ಅವನು ತನ್ನ ಹಿತ್ತಲಲ್ಲಿ ಬದನೆ ಹೂಬಿಟ್ಟದ್ದನ್ನು ಕಂಡಿರಲಿಲ್ಲ. ಉಪ್ಪಿನಂಗಳಕ್ಕೆ ಬಂದು ನೀರು ಹೊರಲು ನೋಡಿದ, ಹೆಗಲು ಕೇಳಲಿಲ್ಲ. ಹೆಂಗಸರು ಅವನನ್ನು ನೋಡಿ, “ಯೋನೆ, ನಿನ್ನ ಗಂಡನ್ನ ಬಂಡೆ ಮೇಲೆ ಒಣಗೋಕೆ ಹಾಕು” ಎಂದು ನಗುತ್ತಿದ್ದರು. ದೊಡ್ಡಮ್ಮ ನಗುತ್ತಿರಲಿಲ್ಲ, ಸಿಟ್ಟಾಗುತ್ತಲೂ ಇರಲಿಲ್ಲ. ಕೊನೆಗೆ ನಮ್ಮಪ್ಪ ಅವನನ್ನು ಬಾಣಲೆಯ ಬೆಂಕಿ ನೋಡಿಕೊಳ್ಳಲು ಕೂರಿಸಿದ. ಆ ಕೆಲಸ ಅವನಿಗೆ ಹಿಡಿಸಿತು. ಬೇರೆ ಯಾರಾದರೂ ಸೌದೆ ಹಾಕಲು ಬಂದರೆ ಎದ್ದು ನಿಂತು ತಡೆಯುತ್ತಿದ್ದ.

ಆ ಬೇಸಿಗೆ ಪಿತೃಗಳ ಹಬ್ಬ ಬಂತು. ಸತ್ತವರು ಮನೆಗೆ ಬರುವ ದಿನಗಳಲ್ಲಿ ಎಲ್ಲರೂ ಸಮಾಧಿ ತೊಳೆಯಲು ಗುಡ್ಡಕ್ಕೆ ಹೋಗುತ್ತಾರೆ. ಇಕುಜೊ ಸತ್ತು ಹದಿನೈದು ವರ್ಷವಾಗಿತ್ತು. ಅಷ್ಟೂ ವರ್ಷ ಹಬ್ಬದ ಹೊತ್ತಿಗೆ ದೊಡ್ಡಪ್ಪ ಎಜೊದಲ್ಲೋ ನಡುಗಡಲಲ್ಲೋ ಇರುತ್ತಿದ್ದ. ಈ ಸಲ ದೊಡ್ಡಮ್ಮನ ಹಿಂದೆ ಅವನೂ ಹತ್ತಿದ, ನೀರಿನ ಬಕೆಟ್ಟು ಹಿಡಿದುಕೊಂಡು. ಮಿಯೊ ಅಕ್ಕ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹೂ ಹಿಡಿದು ಹಿಂದಿನಿಂದ ಬಂದಳು. ಜೀರುಂಡೆಗಳ ಗದ್ದಲ ಕಿವಿ ತುಂಬುತ್ತಿತ್ತು. ಅಜ್ಜಿಗೂ ಇಕುಜೊಗೂ ಒಂದೇ ಕಲ್ಲು. ದೊಡ್ಡಮ್ಮ ಹಾವಸೆ ಉಜ್ಜಿದಳು, ದೊಡ್ಡಪ್ಪ ಸೌಟಿನಿಂದ ನೀರು ಹಾಕಿದ.

ನೀರು ಹಾಕುತ್ತ ಹಾಕುತ್ತ ಅವನು ಕೇಳಿದ, “ಹುಡುಗ ಹೇಗೆ ಹೋದ?”

ಹದಿನೈದು ವರ್ಷದಲ್ಲಿ ಅವನು ಅದನ್ನು ಕೇಳಿದ್ದು ಅದೇ ಮೊದಲು. ದೊಡ್ಡಮ್ಮ ಉಜ್ಜುವುದನ್ನು ನಿಲ್ಲಿಸಲಿಲ್ಲ.

“ಮಧ್ಯಾಹ್ನ. ಬೆಳಿಗ್ಗೆಯಿಂದ ನೀರು ನೀರು ಅಂತಿದ್ದ. ನೀರು ಕೊಡಬೇಡಿ ಅಂತ ಸರ್ಕಾರದವರು ಹೇಳಿ ಹೋಗಿದ್ರು. ಕೊಟ್ರೆ ಬೇಗ ಹೋಗ್ತಾನೆ ಅಂದಿದ್ರು.”

ದೊಡ್ಡಪ್ಪ ಸೌಟು ಹಿಡಿದುಕೊಂಡೇ ನಿಂತ.

“ಕೊಟ್ಟೆ,” ಎಂದಳು ದೊಡ್ಡಮ್ಮ. “ಕೇಳಿದಷ್ಟೂ ಕೊಟ್ಟೆ. ಎರಡು ಕೈಲೂ ಬಟ್ಟಲು ಹಿಡ್ಕೊಂಡು ಕುಡ್ದ. ಆಮೇಲೆ ಹೋದ.”

“ಒಳ್ಳೇದು ಮಾಡ್ದೆ,” ಎಂದ ದೊಡ್ಡಪ್ಪ.

ದೊಡ್ಡಮ್ಮ ಕಲ್ಲಿನ ಮೇಲೆ ಕೈಯಿಟ್ಟುಕೊಂಡು ಹಾಗೇ ಕೂತುಬಿಟ್ಟಳು. ಅವಳ ಬೆನ್ನು ಅಲುಗುವುದನ್ನು ಮಿಯೊ ಅಕ್ಕ ಕಂಡಳು, ಸದ್ದು ಕೇಳಿಸಲಿಲ್ಲ, ಜೀರುಂಡೆಗಳಿದ್ದವಲ್ಲ. ದೊಡ್ಡಪ್ಪನ ಕಣ್ಣಿನಲ್ಲಿ ಏನೂ ಇರಲಿಲ್ಲ. ಅವನು ಉಳಿದ ನೀರನ್ನು ಕಲ್ಲಿಗೆ ಸುರಿದ, ಪಕ್ಕದ ಗೋರಿ ಯಾರದೆಂದು ಕೇಳದೆ ಅದಕ್ಕೂ ಸ್ವಲ್ಪ ಸುರಿದ, ಬಕೆಟ್ಟು ಕವುಚಿಟ್ಟು ಹೆಂಡತಿ ಏಳುವವರೆಗೆ ಅದರ ಪಕ್ಕದಲ್ಲಿ ಕೂತಿದ್ದ. 

ಆಮೇಲೆ ಅವನು ಒಂಬತ್ತು ವರ್ಷ ಬದುಕಿದ. ಬಾಣಲೆಯ ಮುಂದೆಯೇ ಇದ್ದ. ದೊಡ್ಡಮ್ಮ ಮಧ್ಯಾಹ್ನದ ಬುತ್ತಿಯನ್ನು ಅಲ್ಲಿಗೇ ತರುತ್ತಿದ್ದಳು. ಇಬ್ಬರೂ ಸೌದೆಯ ರಾಶಿಗೆ ಒರಗಿ, ಒಂದೇ ಬುತ್ತಿಯಿಂದ, ಹೆಚ್ಚು ಮಾತಿಲ್ಲದೆ ತಿನ್ನುತ್ತಿದ್ದರು.